ರೀಕಾಲ್ ಆಗಿದೆ, ಬಿಡಿಭಾಗ ಬಂದಿಲ್ಲ: ಐಷಾರಾಮಿ ಎಸ್‌ಯುವಿಯ ಇಂಧನ ದೋಷವನ್ನು ನಿಭಾಯಿಸುವ ಬಗೆ

2020ರ ಜನವರಿಯಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಸುಮಾರು 7 ಲಕ್ಷ ವಾಹನಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಿಕೊಡಲು ವಾಪಸ್ ಕರೆಸಿತು. ಲೆಕ್ಸಸ್ ಬ್ರ್ಯಾಂಡಿನ ಆರ್‌ಎಕ್ಸ್ 350, ಜಿಎಕ್ಸ್ 460 ಮತ್ತು ಎಲ್‌ಎಕ್ಸ್ 570 ಎಸ್‌ಯುವಿಗಳೂ ಆ ಪಟ್ಟಿಯಲ್ಲಿದ್ದವು. ಟ್ಯಾಂಕಿನೊಳಗೆ ಕೂರುವ ಡೆನ್ಸೊ ಪಂಪಿನಲ್ಲಿ ಇಂಧನವನ್ನು ಮುಂದಕ್ಕೆ ತಳ್ಳುವ ಇಂಪೆಲ್ಲರ್ ಎಂಬ ಪ್ಲಾಸ್ಟಿಕ್ ಚಕ್ರವನ್ನು ಸಾಕಷ್ಟು ಸಾಂದ್ರತೆಯಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಲಾಗಿತ್ತು. ಅದು ಇಂಧನವನ್ನು ಹೀರಿಕೊಂಡು ಉಬ್ಬಿ, ಪಂಪಿನ ಒಳಮೈಗೆ ತಾಗಿ, ಕೊನೆಗೆ ತಿರುಗುವುದನ್ನೇ ನಿಲ್ಲಿಸುತ್ತಿತ್ತು. ಆ ವರ್ಷ ಮುಗಿಯುವ ಹೊತ್ತಿಗೆ ಪಟ್ಟಿ ಜಗತ್ತಿನಾದ್ಯಂತ ಸುಮಾರು 58 ಲಕ್ಷ ವಾಹನಗಳಷ್ಟು ಉದ್ದವಾಯಿತು. ಅಷ್ಟು ಹೊಸ ಪಂಪುಗಳನ್ನು ಒಂದೇ ಸಲಕ್ಕೆ ಯಾವ ಕಾರ್ಖಾನೆಯೂ ಒದಗಿಸಲಾರದು. ಹಾಗಾಗಿ ರೀಕಾಲ್ ಘೋಷಣೆಯ ದಿನಾಂಕ ಬೇರೆ, ನಿಮ್ಮ ವಾಹನದ ಪಂಪ್ ಬದಲಾಗುವ ದಿನಾಂಕ ಬೇರೆ. ಈ ಎರಡರ ನಡುವಿನ ಅವಧಿಯಲ್ಲಿ ಮಾಲೀಕರು ಏನು ಮಾಡಬೇಕು, ಮುಖ್ಯವಾಗಿ ಯಾವ ಯಾವ ಕಾಗದಗಳನ್ನು ಕೂಡಿಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಲಕ್ಷಣಗಳನ್ನು ಗುರುತಿಸುವುದು

ಈಗಿನ ಬಹುತೇಕ ಐಷಾರಾಮಿ ಎಸ್‌ಯುವಿಗಳಲ್ಲಿ ಇಂಧನ ಎರಡು ಹಂತದಲ್ಲಿ ಸಾಗುತ್ತದೆ. ಟ್ಯಾಂಕಿನೊಳಗಿನ ವಿದ್ಯುತ್ ಪಂಪ್ ಕಡಿಮೆ ಒತ್ತಡದಲ್ಲಿ ಇಂಧನವನ್ನು ಎಂಜಿನ್ ಬಳಿಗೆ ಕಳಿಸುತ್ತದೆ; ಅಲ್ಲಿರುವ ಯಾಂತ್ರಿಕ ಪಂಪ್ ಆ ಒತ್ತಡವನ್ನು ಪೆಟ್ರೋಲ್ ಎಂಜಿನ್ನಿನಲ್ಲಿ 200 ಬಾರ್ ಅಥವಾ ಅದಕ್ಕೂ ಹೆಚ್ಚಿಗೆ, ಡೀಸೆಲ್ ಎಂಜಿನ್ನಿನಲ್ಲಿ 2,000 ಬಾರ್ ಆಸುಪಾಸಿಗೆ ಏರಿಸುತ್ತದೆ. 2010ರ ಅಕ್ಟೋಬರಿನಲ್ಲಿ ಬಿಎಂಡಬ್ಲ್ಯು ಅಮೆರಿಕದಲ್ಲಿ ಮಾಡಿದ ಒಂದೇ ಘೋಷಣೆಯಲ್ಲಿ ಈ ಎರಡೂ ಬಗೆಯ ದೋಷಗಳಿದ್ದವು: ಎಕ್ಸ್6 ಸೇರಿದಂತೆ ಅವಳಿ ಟರ್ಬೊ ಎಂಜಿನ್ನಿನ ಸುಮಾರು 1.3 ಲಕ್ಷ ವಾಹನಗಳಲ್ಲಿ ಅಧಿಕ ಒತ್ತಡದ ಪಂಪ್, 2008ರ ಮಾದರಿಯ 20,800 ಎಕ್ಸ್5 ವಾಹನಗಳಲ್ಲಿ ಕಡಿಮೆ ಒತ್ತಡದ ಪಂಪ್. ಎರಡೂ ಕಡೆ ಕೊನೆಗೆ ಆಗುವುದು ಎಂಜಿನ್ನಿಗೆ ಇಂಧನ ಸಾಲದಿರುವುದೇ ಆದರೂ, ಅದಕ್ಕೆ ಮುಂಚಿನ ಸೂಚನೆಗಳು ಬೇರೆ ಬೇರೆ.

ಟ್ಯಾಂಕಿನೊಳಗಿನ ಪಂಪ್ ಸೋಲುತ್ತಿದ್ದರೆ ಇಗ್ನಿಷನ್ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಕೊರೆಯುವಂಥ ಕೀರಲು ಸದ್ದು ಕೇಳಿಸಬಹುದು, ಸ್ಟಾರ್ಟರ್ ಮಾಮೂಲಿಗಿಂತ ಹೆಚ್ಚು ಹೊತ್ತು ತಿರುಗಬಹುದು, ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಎಂಜಿನ್ ಹತ್ತದೆ ಹೋಗಬಹುದು. ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಏರುವಾಗ ಆಕ್ಸಿಲರೇಟರ್ ಒತ್ತಿದರೂ ವಾಹನ ಮುಗ್ಗರಿಸಿ, ಸಮತಟ್ಟಿನಲ್ಲಿ ಏನೂ ಆಗಿಲ್ಲವೆಂಬಂತೆ ಓಡುವುದು ಪಂಪ್ ಬೇಡಿಕೆಗೆ ತಕ್ಕಷ್ಟು ಇಂಧನ ಕೊಡುತ್ತಿಲ್ಲ ಎಂಬುದರ ಗುರುತಾಗಿರಬಹುದು. ಆಲ್ ವೀಲ್ ಡ್ರೈವ್ ಎಸ್‌ಯುವಿಗಳಲ್ಲಿ ಇನ್ನೊಂದು ತೊಡಕಿದೆ. ಹಿಂಚಕ್ರಗಳಿಗೆ ಹೋಗುವ ಶಾಫ್ಟಿಗೆ ಜಾಗ ಬಿಡಲೆಂದು ಟ್ಯಾಂಕನ್ನು ನಡುವೆ ಉಬ್ಬಿಸಿ ಎರಡು ಪಾಲು ಮಾಡಿರುತ್ತಾರೆ. ಒಂದು ಪಾಲಿನ ಇಂಧನವನ್ನು ಇನ್ನೊಂದಕ್ಕೆ ಎಳೆದು ತರುವ ಜೆಟ್ ಪಂಪ್ ಕೆಟ್ಟರೆ, ಮೀಟರಿನಲ್ಲಿ ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ ಎಂಜಿನ್ ನಿಲ್ಲುವುದುಂಟು.

ಡೀಸೆಲ್ ವಾಹನದ ಅಧಿಕ ಒತ್ತಡದ ಪಂಪ್ ಸವೆದರೆ ಖರ್ಚು ಪಂಪಿಗೆ ಮಾತ್ರ ಸೀಮಿತವಾಗುವುದಿಲ್ಲ. ಆ ಪಂಪಿನ ಭಾಗಗಳು ಸವೆಯದಂತೆ ಕಾಯುವ ಎಣ್ಣೆ ಡೀಸೆಲ್ಲೇ; ಅದು ಸಾಲದೆ ಭಾಗಗಳು ಒಣಗಿ ಉಜ್ಜಿದಾಗ ಹುಟ್ಟುವ ಲೋಹದ ಪುಡಿ, ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲ್ ಎಂಬ ಕೊಳವೆ, ಪೈಪು, ಇಂಜೆಕ್ಟರುಗಳಿಗೆಲ್ಲ ಹರಡುವುದರಿಂದ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ. ಪಂಪನ್ನಷ್ಟೇ ಹಾಕಿಕೊಡುತ್ತೇವೆ ಎಂದು ವರ್ಕ್‌ಶಾಪಿನವರು ಹೇಳಿದರೆ, ಲೋಹದ ಪುಡಿ ಇದೆಯೇ ಎಂದು ಫಿಲ್ಟರನ್ನು ನಿಮ್ಮೆದುರೇ ಬಿಚ್ಚಿ ತೋರಿಸುವಂತೆ ಕೇಳಿ.

ಇಂಧನ ಸೋರಿಕೆಯನ್ನು ಈ ಯಾವುದರ ಜೊತೆಗೂ ಸೇರಿಸಬಾರದು. ಅಮೆರಿಕದಲ್ಲಿ ಪೋರ್ಷೆ ಮಕಾನ್ ಎಸ್‌ಯುವಿಗಳು ರೀಕಾಲ್ ಆದದ್ದು ಇಂಧನ ಪಂಪಿನ ಫ್ಲ್ಯಾಂಜಿನಲ್ಲಿ, ಅಂದರೆ ಅದನ್ನು ಟ್ಯಾಂಕಿಗೆ ಕೂರಿಸುವ ಮುಚ್ಚಳದಂಥ ಭಾಗದಲ್ಲಿ, ಬಿರುಕು ಬಿಟ್ಟು ಪೆಟ್ರೋಲ್ ಜಿನುಗಬಹುದು ಎಂಬ ಕಾರಣಕ್ಕೆ. ವಾಹನದೊಳಗೋ ಪಾರ್ಕಿಂಗ್ ಜಾಗದಲ್ಲೋ ಪೆಟ್ರೋಲ್ ವಾಸನೆ ಬಂದರೆ ಅದನ್ನು ಸ್ಟಾರ್ಟ್ ಮಾಡಲೇಬೇಡಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಿಡಬೇಡಿ. ಟೋಯಿಂಗ್ ಲಾರಿಯ ಮೇಲೆ ಹತ್ತಿಸಿಯೇ ಕಳುಹಿಸಿ. ಸರ್ವೀಸ್ ಸೆಂಟರಿನವರು ಓಡಿಸಿಕೊಂಡೇ ಬನ್ನಿ ಎಂದರೂ ಒಪ್ಪಬೇಡಿ.

ಚಲಿಸುವಾಗಲೇ ಎಂಜಿನ್ ನಿಂತರೆ

ಎಂಜಿನ್ ನಿಂತ ಮೇಲೆ ಬ್ರೇಕಿಗೆ ಸಿಗುವ ನೆರವು ಒಂದೆರಡು ಸಲದ ಒತ್ತುವಿಕೆಗಷ್ಟೇ ಉಳಿದಿರುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಪೆಡಲನ್ನು ಪದೇಪದೇ ತುಳಿದರೆ ಅದೂ ಮುಗಿದು, ಆಮೇಲೆ ಪೆಡಲ್ ಕಲ್ಲಿನಂತೆ ಬಿಗಿಯಾಗಿ, ಬ್ರೇಕ್ ಹಿಡಿಯಲು ತುಂಬಾ ಬಲ ಹಾಕಬೇಕಾಗುತ್ತದೆ. ಆದ್ದರಿಂದ ಹಜಾರ್ಡ್ ದೀಪ ಹಾಕಿ, ವಾಹನಕ್ಕೆ ಇನ್ನೂ ವೇಗವಿರುವಾಗಲೇ ಎಡಬದಿಗೆ ಸರಿಸಿ, ಬ್ರೇಕನ್ನು ಒಂದೇ ಸಲ ನಿಧಾನವಾಗಿ, ಬಿಡದೆ ಒತ್ತಿ ನಿಲ್ಲಿಸಿ. ಗೇರನ್ನು ನ್ಯೂಟ್ರಲ್‌ಗೆ ತಂದು ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದು; ಹತ್ತಿದರೂ ಪ್ರಯಾಣ ಮುಂದುವರಿಸುವುದು ತರವಲ್ಲ. ಎಲ್ಲರನ್ನೂ ಕ್ರ್ಯಾಶ್ ಬ್ಯಾರಿಯರಿನ ಆಚೆಗೆ ಇಳಿಸಿ, ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸಿಗೇ ಕರೆ ಮಾಡಿ. ಪರಿಚಯದ ಮೆಕ್ಯಾನಿಕ್ ಬೇಗ ಬಂದಾನು, ಆದರೆ ಕಂಪನಿಗೆ ಹೋದ ಕರೆಗೆ ಒಂದು ದೂರು ಸಂಖ್ಯೆ ಸಿಗುತ್ತದೆ, ಮುಂದೆ ಅದೇ ನಿಮ್ಮ ಮೊದಲ ದಾಖಲೆಯಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ದೀಪಗಳು, ಇಂಧನದ ಮಟ್ಟ ಮತ್ತು ಓಡಿದ ಕಿಲೋಮೀಟರ್ ಮೂರೂ ಕಾಣುವಂತೆ ಫೋಟೊ ತೆಗೆದುಕೊಳ್ಳಿ.

ನಿಮ್ಮ ವಾಹನ ಪಟ್ಟಿಯಲ್ಲಿದೆಯೇ

ರೀಕಾಲ್ ಮಾದರಿಯ ಹೆಸರಿನ ಮೇಲೆ ನಡೆಯುವುದಿಲ್ಲ, ಚಾಸಿಸ್ ನಂಬರಿನ ಮೇಲೆ ನಡೆಯುತ್ತದೆ. ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಆ ಸಂಖ್ಯೆಯನ್ನು ಕಂಪನಿಯ ಭಾರತೀಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ 2012ರಿಂದ ಸ್ವಯಂಪ್ರೇರಿತ ರೀಕಾಲ್ ನೀತಿಯನ್ನು ಪಾಲಿಸುತ್ತಿದ್ದು, ಅದರ ತಾಣದಲ್ಲಿ ಕಂಪನಿವಾರು ಪಟ್ಟಿಯೂ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಇಲ್ಲಿನ ಚಾಸಿಸ್ ನಂಬರ್ ಹಾಕಿ, ಏನೂ ಬರಲಿಲ್ಲವೆಂದು ನಿಶ್ಚಿಂತರಾಗುವುದು ಸರಿಯಲ್ಲ, ಏಕೆಂದರೆ ಅದು ಆ ದೇಶದಲ್ಲಿ ಮಾರಾಟವಾದ ವಾಹನಗಳ ಲೆಕ್ಕ. ಹಾಗೆಂದು ಅಲ್ಲಿನ ದಾಖಲೆ ನಿಷ್ಪ್ರಯೋಜಕವಲ್ಲ. 2023ರಲ್ಲಿ ಅಲ್ಲಿ ಮರ್ಸಿಡಿಸ್ ಬೆಂಜ್ ಜಿಎಲ್‌ಇ, ಜಿಎಲ್‌ಎಸ್ ಸೇರಿದಂತೆ ಸುಮಾರು 1.43 ಲಕ್ಷ ವಾಹನಗಳು ಇಂಧನ ಪಂಪಿನ ದೋಷಕ್ಕಾಗಿ ರೀಕಾಲ್ ಆದವು. ಇಂಥ ಪ್ರಕರಣಗಳಲ್ಲಿ ಕಂಪನಿ ಸಲ್ಲಿಸುವ ವರದಿಯಲ್ಲಿ ದೋಷದ ಕಾರಣ ಮತ್ತು ತಯಾರಿಕೆಯ ಅವಧಿ ಬರವಣಿಗೆಯಲ್ಲೇ ಇರುತ್ತದೆ. ನಿಮ್ಮ ವಾಹನದಲ್ಲಿರುವುದೂ ಅದೇ ಪಂಪೇ ಎಂದು ಇಲ್ಲಿನ ಕಂಪನಿಯನ್ನು ಇ-ಮೇಲಿನಲ್ಲಿ ಕೇಳಲು ಆ ವರದಿ ಒಳ್ಳೆಯ ಆಧಾರ.

ಒಮ್ಮೆ ಪಟ್ಟಿಯಲ್ಲಿ ಇಲ್ಲವೆಂದರೆ ಮುಗಿಯಿತು ಎಂದುಕೊಳ್ಳಬೇಡಿ. ಐಷಾರಾಮಿ ವರ್ಗದ ಆಚೆಗಿನ ಉದಾಹರಣೆಯಾದರೂ ಹೋಂಡಾ ಕಾರ್ಸ್ ಇಂಡಿಯಾದ ಪ್ರಕರಣ ಇದಕ್ಕೆ ಸರಿಯಾಗಿ ಹೊಂದುತ್ತದೆ: ಇಂಧನ ಪಂಪಿಗಾಗಿ 2020ರಲ್ಲಿ 65,651, 2021ರಲ್ಲಿ 77,954, 2024ರಲ್ಲಿ 90,468 ಕಾರುಗಳು ಒಂದಾದ ಮೇಲೊಂದು ಕಂತಿನಲ್ಲಿ ರೀಕಾಲ್ ಆದವು. ಕೊನೆಯ ಕಂತಿನಲ್ಲಿ, ಹಿಂದೆ ಬಿಡಿಭಾಗವಾಗಿ ಪಂಪ್ ಬದಲಿಸಿಕೊಂಡಿದ್ದ ಹಳೆಯ ಕಾರುಗಳೂ ಇದ್ದವು. ಅಂದರೆ ಹೊಸದಾಗಿ ಹಾಕಿದ ಪಂಪೇ ದೋಷದ ಸರಣಿಗೆ ಸೇರಿರಬಹುದು. ಆರು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು.

ಜಾಬ್ ಕಾರ್ಡಿನಲ್ಲಿ ಏನು ಬರೆಸಬೇಕು

ಈ ಇಡೀ ವ್ಯವಹಾರದಲ್ಲಿ ಅತ್ಯಂತ ಬೆಲೆಬಾಳುವ ಕಾಗದ, ವಾಹನ ಒಪ್ಪಿಸುವಾಗ ವರ್ಕ್‌ಶಾಪಿನವರು ನಿಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್; ಅತ್ಯಂತ ಅಸಡ್ಡೆಯಿಂದ ಬರೆಯಲಾಗುವ ಕಾಗದವೂ ಅದೇ. ಸರ್ವೀಸ್ ಅಡ್ವೈಸರ್ ಕಾಫಿ ಕೊಟ್ಟು, ಟ್ಯಾಬ್ಲೆಟ್ಟಿನಲ್ಲಿ ‘ಜನರಲ್ ಚೆಕಪ್’ ಎಂದು ಒತ್ತಿ, ಸಹಿಗೆ ಮುಂದೊಡ್ಡುತ್ತಾರೆ. ಸಂಜೆ ಅದರ ಕೆಳಗೆ ‘ಪರೀಕ್ಷಿಸಲಾಗಿದೆ, ತೊಂದರೆ ಕಂಡುಬಂದಿಲ್ಲ’ ಎಂಬ ಸಾಲು ಸೇರಿರುತ್ತದೆ. ಮೂರು ತಿಂಗಳ ನಂತರ ನೀವು ಗ್ರಾಹಕ ಆಯೋಗದ ಮುಂದೆ ನಿಂತಾಗ ಎದುರು ಪಕ್ಷದ ವಕೀಲರು ತೋರಿಸುವುದು ಅದೇ ಸಾಲನ್ನು. ಆದ್ದರಿಂದ ದೂರು ನಿಮ್ಮ ಮಾತಿನಲ್ಲೇ ದಾಖಲಾಗುವವರೆಗೆ ಸಹಿ ಹಾಕಬೇಡಿ. ಉದಾಹರಣೆಗೆ ಹೀಗೆ ಬರೆಸಬಹುದು: ‘ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಲಿಸುವಾಗ ಎಂಜಿನ್ ತಾನಾಗಿ ನಿಂತಿತು. ಟ್ಯಾಂಕಿನಲ್ಲಿ ಅರ್ಧದಷ್ಟು ಇಂಧನವಿತ್ತು. ಹತ್ತು ನಿಮಿಷದ ನಂತರ ಮತ್ತೆ ಹತ್ತಿತು. ಈ ವಾಹನದ ಮೇಲೆ ಇಂಧನ ಪಂಪಿನ ರೀಕಾಲ್ ಬಾಕಿ ಇದೆ. ಮಾಲೀಕರು ಪಂಪ್ ಬದಲಿಸಲು ಕೋರಿದ್ದಾರೆ.’

ವಾಹನದ ಕಂಪ್ಯೂಟರಿನಲ್ಲಿ ದಾಖಲಾಗಿರುವ ದೋಷ ಸಂಕೇತಗಳನ್ನು ಅಳಿಸುವ ಮುನ್ನ ಸ್ಕ್ಯಾನಿಂಗ್ ವರದಿಯ ಪ್ರತಿ ಕೇಳಿ. ಪಿ0087 ಎಂಬುದು ರೈಲ್ ಕೊಳವೆಯಲ್ಲಿ ಇಂಧನದ ಒತ್ತಡ ಕಡಿಮೆಯಾಗಿತ್ತೆಂಬ ಸಂಕೇತ, ಪಿ0230 ಪಂಪಿನ ವಿದ್ಯುತ್ ಮಂಡಲಕ್ಕೆ ಸಂಬಂಧಿಸಿದ್ದು. ಸಂಕೇತ ದಾಖಲಾದ ಕ್ಷಣದಲ್ಲಿ ವಾಹನದ ವೇಗ, ಎಂಜಿನ್ನಿನ ಬಿಸಿ ಮತ್ತು ಹೊರೆ ಎಷ್ಟಿತ್ತು ಎಂಬ ‘ಫ್ರೀಜ್ ಫ್ರೇಮ್’ ಮಾಹಿತಿಯೂ ಅದರ ಜೊತೆಗಿರುತ್ತದೆ. ಅಳಿಸಿದ ಮೇಲೆ ಅದನ್ನು ಮರಳಿ ತರುವುದು ಕಷ್ಟ.

ಇನ್ನು ಕಲಬೆರಕೆಯ ವಾದ. ನಮ್ಮಲ್ಲಿ ಇಂಧನ ವ್ಯವಸ್ಥೆಯ ವಾರಂಟಿ ಕೇಳಿದರೆ ‘ನೀವು ಹಾಕಿಸಿದ ಪೆಟ್ರೋಲೇ ಸರಿಯಿಲ್ಲ’ ಎಂಬ ಉತ್ತರ ಬರುವುದು ಸಾಮಾನ್ಯ, ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಇದಕ್ಕೆ ಸಿದ್ಧರಾಗಿರಲು ಬಂಕಿನ ಬಿಲ್ಲುಗಳನ್ನು ಇಟ್ಟುಕೊಳ್ಳಿ, ಕಾರ್ಡಿನಲ್ಲೋ ಯುಪಿಐನಲ್ಲೋ ಹಣ ಕೊಡಿ. ಡೀಲರ್ ಕಲಬೆರಕೆಯೆಂದು ಹೇಳಿದರೆ ಟ್ಯಾಂಕಿನಿಂದ ನಿಮ್ಮೆದುರೇ ಎರಡು ಮಾದರಿಗಳನ್ನು ತೆಗೆಸಿ, ಎರಡಕ್ಕೂ ಮೊಹರು ಹಾಕಿಸಿ, ಎರಡೂ ಕಡೆಯವರ ಸಹಿಯೊಂದಿಗೆ ಒಂದು ಅವರ ಬಳಿ, ಇನ್ನೊಂದು ನಿಮ್ಮ ಪರವಾಗಿ ಪರೀಕ್ಷಾಲಯಕ್ಕೆ ಹೋಗುವಂತೆ ನೋಡಿಕೊಳ್ಳಿ. ಪೆಟ್ರೋಲ್ ಬಾಟಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಬಿಚ್ಚಿದ ಹಳೆಯ ಪಂಪ್ ಕಂಪನಿಗೆ ವಾಪಸಾಗಬೇಕೆಂದು ಅವರು ಹೇಳಿದರೆ, ಅದರ ಮೇಲಿನ ಭಾಗ ಸಂಖ್ಯೆಯ ಫೋಟೊವನ್ನಾದರೂ ತೆಗೆದುಕೊಳ್ಳಿ.

ಬಿಡಿಭಾಗಕ್ಕಾಗಿ ಕಾಯುವಾಗ

ಬಾಯಿಮಾತಿನ ‘ಮುಂದಿನ ವಾರ ಬರುತ್ತದೆ ಸರ್’ ಎಂಬುದಕ್ಕೆ ಬೆಲೆಯಿಲ್ಲ. ಡೀಲರಿಗೆ ಮತ್ತು ಕಂಪನಿಯ ಗ್ರಾಹಕ ವಿಭಾಗಕ್ಕೆ ಒಂದೇ ಇ-ಮೇಲ್ ಕಳುಹಿಸಿ, ಅದರಲ್ಲಿ ನಾಲ್ಕು ವಿಷಯಗಳಿಗೆ ಬರವಣಿಗೆಯಲ್ಲಿ ಉತ್ತರ ಕೇಳಿ: ಬಿಡಿಭಾಗಕ್ಕೆ ಆರ್ಡರ್ ಹಾಕಿದ ದಿನಾಂಕ ಮತ್ತು ಸಂಖ್ಯೆ ಯಾವುದು, ಯಾವಾಗ ಬರಬಹುದು, ಅಲ್ಲಿಯವರೆಗೆ ವಾಹನ ಓಡಿಸುವುದು ಸುರಕ್ಷಿತವೇ, ಸುರಕ್ಷಿತವಲ್ಲವಾದರೆ ಬದಲಿ ವಾಹನ ಕೊಡುತ್ತೀರಾ. ಮೂರನೆಯ ಪ್ರಶ್ನೆಗೆ ‘ಓಡಿಸಬಹುದು’ ಎಂದು ಬರೆದುಕೊಡಲು ಹಿಂಜರಿಯುವ ಡೀಲರಿಗೆ ನಾಲ್ಕನೆಯದನ್ನು ನಿರಾಕರಿಸುವುದು ಕಷ್ಟವಾಗುತ್ತದೆ. ಓಡಿಸಲೇಬೇಕಾದ ಸಂದರ್ಭದಲ್ಲಿ ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸದಿರುವುದು, ಘಾಟಿ ಮತ್ತು ಎಕ್ಸ್‌ಪ್ರೆಸ್‌ವೇ ತಪ್ಪಿಸುವುದು ಲೇಸು. ಇದರಿಂದ ಪಂಪ್ ತಣ್ಣಗಿರುತ್ತದೆಯೇ ಹೊರತು, ಉಬ್ಬಿದ ಇಂಪೆಲ್ಲರ್ ಸರಿಹೋಗುವುದಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಹಂತದಲ್ಲಿ ಬಲವಾದ ಕಾನೂನಿನ ಬೆಂಬಲವಿದೆ. ವಾಹನವನ್ನು ರೀಕಾಲ್ ದುರಸ್ತಿಗೆಂದು ಒಪ್ಪಿಸಿದ 60 ದಿನಗಳೊಳಗೆ ಸರಿಯಾಗಿ ದುರಸ್ತಿ ಆಗದಿದ್ದರೆ, ಸಮಂಜಸ ಅವಧಿಯಲ್ಲಿ ಕೆಲಸವಾಗಿಲ್ಲವೆಂದು ಅಲ್ಲಿನ ಕಾನೂನು ಮೇಲ್ನೋಟಕ್ಕೆ ಪರಿಗಣಿಸುತ್ತದೆ. ಆಗ ವಾಹನ ಬದಲಾವಣೆ ಅಥವಾ ಹಣ ವಾಪಸಾತಿಯ ಪ್ರಶ್ನೆ ಏಳುತ್ತದೆ. ಆದ್ದರಿಂದ ವಾಹನ ಒಪ್ಪಿಸಿದ ದಿನಾಂಕದ ರಸೀದಿ ಬಹಳ ಮುಖ್ಯ. ರೀಕಾಲಿಗೆ ಮೊದಲೇ ಸ್ವಂತ ಹಣದಿಂದ ಪಂಪ್ ಹಾಕಿಸಿದವರು ಬಿಲ್ ತೋರಿಸಿ ವಾಪಸ್ ಕೇಳುವ ಅವಕಾಶವೂ ಇದೆ. ವಿಳಂಬಕ್ಕೆ ದಂಡ ತೆತ್ತ ಕಂಪನಿಗಳೂ ಅಲ್ಲಿವೆ: ಸುರಕ್ಷತಾ ದೋಷಗಳನ್ನು ತಡವಾಗಿ ವರದಿ ಮಾಡಿದ್ದಕ್ಕೆ ಬಿಎಂಡಬ್ಲ್ಯು 2012ರಲ್ಲಿ 30 ಲಕ್ಷ ಡಾಲರ್ ತೆರಲು ಒಪ್ಪಿತು, ಹಿಂಬದಿಯ ಇಂಧನ ಟ್ಯಾಂಕಿಗಾಗಿ 2013ರಲ್ಲಿ ರೀಕಾಲ್ ಆದ ಜೀಪುಗಳೂ ಸೇರಿದಂತೆ ಹಲವು ರೀಕಾಲುಗಳ ನಿಧಾನಗತಿಗಾಗಿ ಫಿಯೆಟ್ ಕ್ರೈಸ್ಲರ್ 2015ರಲ್ಲಿ 10.5 ಕೋಟಿ ಡಾಲರ್ ಮೊತ್ತದ ಆದೇಶಕ್ಕೆ ಒಪ್ಪಬೇಕಾಯಿತು.

ಇಲ್ಲಿನ ದಾರಿಗಳು

ಭಾರತದಲ್ಲಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 110ಎ ಕಲಂ ಕೇಂದ್ರ ಸರ್ಕಾರಕ್ಕೆ ರೀಕಾಲ್ ಆದೇಶಿಸುವ ಅಧಿಕಾರ ಕೊಟ್ಟಿದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 127ಸಿ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ. ಮಾಲೀಕರು ಸರ್ಕಾರದ ‘ವಾಹನ್’ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಮಾರಾಟದ ಸಂಖ್ಯೆಗೆ ತಕ್ಕಂತೆ ನಿಗದಿತ ಪ್ರಮಾಣದ ದೂರುಗಳು ಸೇರಿದಾಗ ಈ ವ್ಯವಸ್ಥೆ ಕೆಲಸ ಮಾಡುವುದರಿಂದ, ಒಬ್ಬರ ದೂರಿನಿಂದ ತಕ್ಷಣದ ಫಲ ನಿರೀಕ್ಷಿಸುವಂತಿಲ್ಲ. ಆದರೂ ದಾಖಲಿಸಿ, ಅದೇ ಮಾದರಿಯ ಮಾಲೀಕರ ಗುಂಪುಗಳಲ್ಲಿರುವವರಿಗೂ ದಾಖಲಿಸಲು ಹೇಳಿ.

ವೈಯಕ್ತಿಕ ಪರಿಹಾರಕ್ಕೆ ಗ್ರಾಹಕ ಆಯೋಗವೇ ದಾರಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ, ಆಮೇಲೆ ಹದಿನೈದು ದಿನಗಳ ಗಡುವಿಟ್ಟು ನೋಟಿಸ್ ಕಳುಹಿಸಿ. ದೂರು ಎಲ್ಲಿ ಕೊಡಬೇಕೆಂಬುದು ನೀವು ಪಾವತಿಸಿದ ಬೆಲೆಯ ಮೇಲೆ ನಿಲ್ಲುತ್ತದೆ: 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ಬೆಂಗಳೂರಿನಲ್ಲಿರುವ ರಾಜ್ಯ ಆಯೋಗ, ಅದಕ್ಕೂ ಮೇಲಿನದ್ದಕ್ಕೆ ದೆಹಲಿಯ ರಾಷ್ಟ್ರೀಯ ಆಯೋಗ. ಒಂದು ಕೋಟಿಯ ಎಸ್‌ಯುವಿ ಕೊಂಡ ಹುಬ್ಬಳ್ಳಿಯವರು ಧಾರವಾಡದ ಜಿಲ್ಲಾ ಆಯೋಗಕ್ಕೆ ಹೋದರೆ ದೂರು ಹಿಂತಿರುಗುತ್ತದೆ, ಅಷ್ಟರಲ್ಲಿ ಕಾಲವೂ ವ್ಯರ್ಥವಾಗುತ್ತದೆ. ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಮಿತಿ ಇದೆ ಎಂಬುದನ್ನು ಮರೆಯಬಾರದು. ರೀಕಾಲಿಗಾಗಿ ಕಾಯುತ್ತಾ ಕೂತವರು ಎಡವುವುದು ಇಲ್ಲೇ. ಕಂಪನಿಯ ಹೆಸರಿನಲ್ಲಿ ಕೊಂಡ ವಾಹನವಾದರೆ ‘ಇದು ವಾಣಿಜ್ಯ ಉದ್ದೇಶದ ಖರೀದಿ’ ಎಂಬ ಆಕ್ಷೇಪ ಬರುತ್ತದೆ. ನಿರ್ದೇಶಕರ ಸ್ವಂತ ಬಳಕೆಗೆಂದು ಕಂಪನಿ ಕೊಂಡ ಐಷಾರಾಮಿ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಈ ಆಕ್ಷೇಪವನ್ನು ಒಪ್ಪಲಿಲ್ಲ; ಆ ತೀರ್ಪನ್ನು ನಿಮ್ಮ ವಕೀಲರ ಗಮನಕ್ಕೆ ತನ್ನಿ.

ದುರಸ್ತಿಯಾದ ದಿನ

ವಾಹನ ಪಡೆಯುವ ಮುನ್ನ ಬಿಲ್ಲಿನ ಮೊತ್ತ ಸೊನ್ನೆಯೆಂದಿದೆಯೇ, ರೀಕಾಲಿನ ಸಂಖ್ಯೆ ಅದರಲ್ಲಿ ನಮೂದಾಗಿದೆಯೇ, ಹೊಸ ಪಂಪಿನ ಭಾಗ ಸಂಖ್ಯೆ ಹಳೆಯದಕ್ಕಿಂತ ಬೇರೆಯಾಗಿದೆಯೇ ಎಂದು ನೋಡಿ. ಸಂಖ್ಯೆ ಒಂದೇ ಆಗಿದ್ದರೆ ಅದು ಸುಧಾರಿತ ಪಂಪೇ ಎಂದು ಬರೆಸಿಕೊಳ್ಳಿ. ಹಿಂದಿನ ಸೀಟಿನ ಕೆಳಗಿನ ಮುಚ್ಚಳವನ್ನು ಬಿಚ್ಚಿ ಕೆಲಸ ಮಾಡುವ ಮಾದರಿಯಾದರೆ ಮೊದಲ ಎರಡು ದಿನ ಕ್ಯಾಬಿನ್ನಿನಲ್ಲಿ ಪೆಟ್ರೋಲ್ ವಾಸನೆ ಇದೆಯೇ ಎಂದು ಗಮನಿಸಿ. ಸೀಲ್ ಸರಿಯಾಗಿ ಕೂರದಿದ್ದರೆ ಅಲ್ಲಿಂದಲೇ ಆವಿ ಬರುತ್ತದೆ. ಒಂದು ವಾರದ ನಂತರ ಚಾಸಿಸ್ ನಂಬರನ್ನು ಕಂಪನಿಯ ರೀಕಾಲ್ ಪುಟದಲ್ಲಿ ಮತ್ತೊಮ್ಮೆ ಹಾಕಿ, ‘ಬಾಕಿ ಇಲ್ಲ’ ಎಂದು ತೋರಿಸಿದ ಪರದೆಯ ಚಿತ್ರವನ್ನು ಬಿಲ್ಲಿನ ಜೊತೆ ಇಡಿ. ವಾಹನ ಮಾರುವಾಗ ಕೊಳ್ಳುವವರು ಕೇಳುವುದು ಅದನ್ನೇ, ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವಾಗ ನೀವು ಕೇಳಬೇಕಾದದ್ದೂ ಅದನ್ನೇ.