ಯುರೋಪಿಗೆ ಫರ್ನಿಚರ್ ಕಳಿಸ್ತೀರಾ? ಮರ ಕೊಯ್ಯುವ ಮೊದಲೇ ಫೈಲ್ ಶುರು ಮಾಡಿ

ಮರದ ಕುರ್ಚಿ, ಮೇಜು, ಬೀರುಗಳಿಗೆ ಸಿಇ ಗುರುತು (ಯುರೋಪಿನಲ್ಲಿ ಕೆಲವು ಬಗೆಯ ಸರಕಿಗೆ ಕಡ್ಡಾಯವಾದ ಗುರುತು) ಬೇಕಿಲ್ಲ, ಹಾಕುವ ಹಾಗೂ ಇಲ್ಲ. ಮೋಟಾರು, ಲೈಟು ಇದ್ದರೆ ಆ ಮಾತು ಬೇರೆ. ನೀವು ಪಾಲಿಸಬೇಕಾದ್ದು 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಜಿಪಿಎಸ್‌ಆರ್, ಅಂದರೆ ಯುರೋಪಿಯನ್ ಒಕ್ಕೂಟದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ.

ಮೊದಲ ಕೆಲಸ ರಿಸ್ಕ್ ಅನಾಲಿಸಿಸ್, ಅಂದರೆ ಸಾಮಾನಿನಿಂದ ಏನೇನು ಅಪಾಯ ಆಗಬಹುದು ಅಂತ ಲೆಕ್ಕ ಹಾಕುವುದು. ಇದನ್ನು ಸುಮ್ನೆ ಫಾರ್ಮ್ ತುಂಬಿ ಮುಗಿಸಬೇಡಿ. ನಿಮ್ಮ ಡ್ರಾಯರ್ ಬೀರು ಮನೆಯೊಳಗೆ ಹೋದ ಮೇಲೆ ಏನಾಗುತ್ತದೆ ಅಂತ ಯೋಚಿಸಿ. ಪುಟ್ಟ ಮಗು ಡ್ರಾಯರ್‌ಗಳನ್ನೆಲ್ಲ ಎಳೆದು, ಕೆಳಗಿನದರ ಮೇಲೆ ಕಾಲಿಟ್ಟು ಹತ್ತುತ್ತದೆ, ಬೀರು ಮುಂದಕ್ಕೆ ವಾಲಿ ಮಗುವಿನ ಮೇಲೇ ಬೀಳುತ್ತದೆ. ಹೀಗೆ ಮಕ್ಕಳು ನಿಜವಾಗಿ ಸತ್ತಿದ್ದಾರೆ. ಅದೇ ಕಾರಣಕ್ಕೆ 2016ರಲ್ಲಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಬೀರುಗಳನ್ನು ವಾಪಸ್ ಕರೆಯಬೇಕಾಯಿತು. ಹಾಗಾಗಿ ಡ್ರಾಯಿಂಗ್ ಹಂತದಲ್ಲೇ ಬುಡ ಅಗಲ ಮಾಡಿ, ಹಿಂಭಾಗಕ್ಕೆ ತೂಕ ಕೊಡಿ, ಒಂದು ಸಲಕ್ಕೆ ಒಂದೇ ಡ್ರಾಯರ್ ತೆರೆಯುವ ಲಾಕ್ ಹಾಕಿ. ಗೋಡೆಗೆ ಬಿಗಿಯುವ ಪಟ್ಟಿಯನ್ನೂ ಕೊಡಿ, ಆದರೆ ಅದೊಂದನ್ನೇ ನಂಬಬೇಡಿ, ಎಷ್ಟೋ ಜನ ಅದನ್ನು ಹಾಕಿಕೊಳ್ಳುವುದೇ ಇಲ್ಲ ಅಲ್ವಾ? ಆಮೇಲೆ ಲ್ಯಾಬ್ ಪರೀಕ್ಷೆ. ಇದಕ್ಕೆ ಇಎನ್ ಅನ್ನುವ ಯುರೋಪಿಯನ್ ಮಾನದಂಡಗಳಿವೆ: ಬೀರುಗಳಿಗೆ ಇಎನ್ 14749, ಮನೆಬಳಕೆಯ ಕುರ್ಚಿಗಳ ಗಟ್ಟಿತನಕ್ಕೆ ಇಎನ್ 12520.

ಮುಂದೆ ಕೆಮಿಕಲ್‌ಗಳು. ಪ್ಲೈವುಡ್, ಎಂಡಿಎಫ್ ಬಳಸಿದ ಫರ್ನಿಚರ್‌ನಿಂದ ಹೊರಬರುವ, ಆರೋಗ್ಯಕ್ಕೆ ಹಾನಿ ಮಾಡುವ ಅಂಟಿನ ಅನಿಲ ಫಾರ್ಮಾಲ್ಡಿಹೈಡ್‌ಗೆ 2026ರ ಆಗಸ್ಟ್ 6ರಿಂದ ಘನ ಮೀಟರ್ ಗಾಳಿಗೆ 0.062 ಮಿಲಿಗ್ರಾಂ ಮಿತಿ. ಚರ್ಮದ ಹೊದಿಕೆ ಇದ್ದರೆ ಕ್ರೋಮಿಯಂ 6 (ಚರ್ಮ ಹದ ಮಾಡುವಾಗ ಉಳಿಯಬಹುದಾದ ಹಾನಿಕರ ರಾಸಾಯನಿಕ) ಪರೀಕ್ಷೆಯೂ ಬೇಕು. ಯಾವ ಶೀಟು ಯಾವ ಲಾಟಿಗೆ ಹೋಯಿತು ಅಂತ ಬರೆದಿಡಿ, ನಾಳೆ ದೂರು ಬಂದರೆ ಇಡೀ ಕಂಟೇನರ್ ಬದಲು ಆ ಲಾಟನ್ನಷ್ಟೇ ವಾಪಸ್ ಕರೆಯಬಹುದು.

ಯುರೋಪಿಯನ್ ಒಕ್ಕೂಟದೊಳಗೆ ನಿಮ್ಮ ಪರವಾಗಿ ಒಬ್ಬ ಜವಾಬ್ದಾರ ಇರಲೇಬೇಕು. ಆಮದುದಾರರೂ ಆಗಬಹುದು, ನೀವು ಬರಹದಲ್ಲಿ ನೇಮಿಸಿದ ಪ್ರತಿನಿಧಿಯೂ ಆಗಬಹುದು. ಅವರ ಹೆಸರು, ಅಂಚೆ ವಿಳಾಸ, ಇಮೇಲ್, ಜೊತೆಗೆ ನಿಮ್ಮದೂ, ಬ್ಯಾಚ್ ನಂಬರೂ ಲೇಬಲ್‌ನಲ್ಲಿರಲಿ. ಆನ್‌ಲೈನ್ ಮಾರುವುದಾದರೆ ಪ್ರಾಡಕ್ಟ್ ಪುಟದಲ್ಲೂ ಈ ವಿವರ ಕಾಣಬೇಕು. ಎಚ್ಚರಿಕೆಯ ಮಾತುಗಳು ಮಾರುವ ದೇಶದ ಭಾಷೆಯಲ್ಲಿರಲಿ, ಜರ್ಮನಿಗಾದರೆ ಜರ್ಮನ್. ರಿಸ್ಕ್ ಅನಾಲಿಸಿಸ್, ಲ್ಯಾಬ್ ವರದಿಗಳೆಲ್ಲ ಸೇರಿದ ತಾಂತ್ರಿಕ ಫೈಲನ್ನು 10 ವರ್ಷ ಇಟ್ಟುಕೊಳ್ಳಿ.

ಮೈಸೂರಿನ ಕೆತ್ತನೆ ಕೆಲಸದವರಿಗೆ ಇನ್ನೊಂದು ಮಾತು. ಬೀಟೆ ಮರ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಅಂದರೆ ವ್ಯಾಪಾರಕ್ಕೆ ನಿಯಂತ್ರಣವಿದೆ; ಶೀಶಂ ಮರ ಕೂಡ. ಮರ ಎಲ್ಲಿಂದ ಬಂತು ಅನ್ನುವ ಕಾಗದ ಕೈಲಿಲ್ಲದೆ ಆರ್ಡರ್ ಒಪ್ಪಿಕೊಳ್ಳಬೇಡಿ.