ಥಾಯ್ಲೆಂಡಿನಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ

ಬ್ಯಾಂಕಾಕ್‌ನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡ ಭಾರತೀಯರು ಮೊದಲು 1155ಕ್ಕೆ ಕರೆ ಮಾಡಿ ಪ್ರವಾಸಿ ಪೊಲೀಸರ ನೆರವು ಪಡೆದು, ಠಾಣೆಯಲ್ಲಿ ದೂರು ದಾಖಲಿಸಿ ಅದರ ಪ್ರತಿಯನ್ನು ಪಡೆಯಬೇಕು. ಆ ಕಾಗದವಿಲ್ಲದೆ ಮುಂದಿನ ಕೆಲಸ ಸಾಗದು. ಬಳಿಕ ಅದನ್ನೂ ಫೋಟೊಗಳನ್ನೂ ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯಿದ್ದರೆ ಅದನ್ನೂ ತೆಗೆದುಕೊಂಡು ಭಾರತದ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಹೊಸ ಪಾಸ್‌ಪೋರ್ಟಿಗೆ ಹೆಚ್ಚು ದಿನ ಹಿಡಿಯಬಹುದಾದ್ದರಿಂದ, ಅಲ್ಪಾವಧಿಯ ಪ್ರವಾಸಿಗರು ಭಾರತಕ್ಕೆ ಮರಳಲು ಮಾತ್ರ ಸಲ್ಲುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಲವರು ಮರೆಯುವ ಸಂಗತಿ ಇನ್ನೊಂದಿದೆ. ದೇಶದೊಳಗೆ ಬಂದಾಗ ಒತ್ತಿದ್ದ ಮೊಹರು ಹಳೆಯ ಪಾಸ್‌ಪೋರ್ಟಿನೊಂದಿಗೇ ಹೋಗಿರುತ್ತದೆ. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ ವಲಸೆ ಇಲಾಖೆಯ ಕಚೇರಿಗೆ ಹೋಗಿ, ಪ್ರವೇಶದ ವಿವರವನ್ನು ಹೊಸ ದಾಖಲೆಯಲ್ಲಿ ನಮೂದಿಸಿಕೊಳ್ಳಬೇಕು. ಕಳೆದ ಪಾಸ್‌ಪೋರ್ಟ್ ಆಮೇಲೆ ಹೋಟೆಲಿನ ಹಾಸಿಗೆಯಡಿ ಸಿಕ್ಕರೂ, ಅದು ಆಗಲೇ ರದ್ದಾಗಿರುವುದರಿಂದ, ದಯವಿಟ್ಟು ಅದನ್ನು ಹಿಡಿದು ಪ್ರಯಾಣಿಸಬೇಡಿ.