ಮೊದಲ ತಿಂಗಳ ಲೆಕ್ಕ: ಲಾರಿ ಡ್ರೈವರ್ ಆಗಿ ನನ್ನ ಅನುಭವ

ಹೊಸದಾಗಿ ಹೆವಿ ಲೈಸೆನ್ಸ್ ಮಾಡಿಸಿದ ಹುಡುಗರು ಸಿಕ್ಕರೆ ಮೊದಲು ಕೇಳುವುದು ಒಂದೇ: ‘ಅಣ್ಣಾ, ತಿಂಗಳಿಗೆ ಎಷ್ಟು ಬೀಳತೈತಿ?’ ಒಂದು ಅಂಕಿ ಹೇಳಿ ಕಳಿಸಿಬಿಡಬಹುದು. ನನಗೂ ಹಾಗೇ ಒಬ್ಬರು ಹೇಳಿದ್ದರು, 15 ಸಾವಿರದ ಹತ್ತಿರ ಅಂತ. ಅಷ್ಟು ದುಡ್ಡು ನಿಜವಾಗಿ ಕೈಗೆ ಬರಲು ಎರಡು ವರ್ಷ ಹಿಡಿಯಿತು.

ನಮ್ಮೂರು ಕಾರಟಗಿ ಕಡೆ. ಸುತ್ತ ಎಲ್ಲಿ ನೋಡಿದರೂ ಅಕ್ಕಿ ಮಿಲ್ಲು. ಎರಡು ವರ್ಷ ಕ್ಲೀನರ್ ಆಗಿದ್ದೆ. ತಾಡಪಾಲು ಕಟ್ಟುವುದು, ಹಗ್ಗ ಬಿಗಿಯುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅಂತ ಕೂಗುವುದು. ಊಟ ಉಸ್ತಾದರ (ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಡ್ರೈವರ್) ಲೆಕ್ಕ, ಮೇಲೆ ದಿನಕ್ಕೆ 100 ರೂಪಾಯಿ. ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ಕಳೆಯಬೇಕು, ವಯಸ್ಸು 20 ತುಂಬಿರಬೇಕು, ಆಮೇಲೇ ಹೆವಿ. ಅದಕ್ಕೇ ಕಾಯುತ್ತಿದ್ದೆ.

2017ರ ನವೆಂಬರ್‌ನಲ್ಲಿ ಹತ್ತು ಚಕ್ರದ ಗಾಡಿ ಕೈಗೆ ಬಂತು. ಗಂಗಾವತಿಯಲ್ಲಿ ಸೋನಾ ಮಸೂರಿ ಲೋಡ್, ಹೊಸಪೇಟೆ, ಚಿತ್ರದುರ್ಗ, ತುಮಕೂರು ದಾಟಿ ಯಶವಂತಪುರದ ಎಪಿಎಂಸಿ ಯಾರ್ಡ್. ಸಂಬಳ 9,000. ಹೋಗಿ ಬಂದರೆ ಟ್ರಿಪ್ಪಿಗೆ 700 ಬತ್ತಾ, ಅಂದರೆ ಸಂಬಳದ ಮೇಲೆ ಕೊಡುವ ಭತ್ಯೆ. ‘ತಿಂಗಳಿಗೆ ಎಂಟು ಟ್ರಿಪ್ ಆಗತಾವ ತಮ್ಮಾ, ಲೆಕ್ಕ ಹಾಕ್ಕೋ’ ಅಂದರು ಮಾಲೀಕರು. ಹಾಕಿದೆ. 14,600. ಮನೆಗೆ ಹೋಗಿ ಅವ್ವನಿಗೂ ಹೇಳಿಬಿಟ್ಟೆ.

ಆ ತಿಂಗಳು ಆಗಿದ್ದು ಆರು ಟ್ರಿಪ್. ಹೋಗುವ ಲೋಡ್‌ಗೆ ತೊಂದರೆ ಇರಲಿಲ್ಲ, ಬರುವ ಲೋಡ್ ಸಿಗಲಿಲ್ಲ. ಬೆಂಗಳೂರಿನಲ್ಲಿ ಬ್ರೋಕರ್ ಫೋನಿಗೆ ಕಾಯುತ್ತಾ ಗಾಡಿ ಕೆಳಗೆ ಚಾಪೆ ಹಾಸಿ ಮಲಗಿದ ದಿನಗಳೇ ಜಾಸ್ತಿ. ನಿಂತ ದಿನಕ್ಕೆ ಬತ್ತಾ ಇಲ್ಲ. ಬತ್ತಾ ಟ್ರಿಪ್ಪಿಗೆ, ದಿನಕ್ಕಲ್ಲ ಅನ್ನುವುದು ಆವಾಗಲೇ ತಲೆಗೆ ಹೋಯಿತು.

ತಿಂಗಳ ಕೊನೆಗೆ ಮಾಲೀಕರು ಉದ್ದನೆಯ ಪುಸ್ತಕ ತೆಗೆದರು. ಸಂಬಳ, ಬತ್ತಾ ಸೇರಿ 13,200. ಅದರಲ್ಲಿ ಮೊದಲೇ ತಗೊಂಡಿದ್ದ ಅಡ್ವಾನ್ಸ್ 2,000 ಹೋಯಿತು. ಅನ್‌ಲೋಡ್ ಮಾಡುವಾಗ 25 ಕೆಜಿಯ ಒಂದು ಚೀಲ ಕಡಿಮೆ ಬಂದಿತ್ತು, ಅದಕ್ಕೆ 1,100. ಡೀಸೆಲ್ ಆವರೇಜ್ (ಲೀಟರಿಗೆ ಗಾಡಿ ಓಡುವ ದೂರ) ಬಂದಿಲ್ಲ, 15 ಲೀಟರ್ ಜಾಸ್ತಿ ಕುಡಿದಿದೆ ಅಂತ 900. ಕೈಗೆ ಬಂದದ್ದು 9,200. ರಸ್ತೆಯಲ್ಲಿ ಊಟ, ಚಹಾ, ಸ್ನಾನಕ್ಕೆ ನಾನೇ ಹಾಕಿದ ದುಡ್ಡು 3,600 ಕಳೆದರೆ ಮನೆಗೆ 5,600. ಅವ್ವ ಎಣಿಸಿ ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಚೀಲದ ವಿಷಯದಲ್ಲಿ ತಪ್ಪು ನನ್ನದೇ. ಲೋಡ್ ಮಾಡುವಾಗ ಹಮಾಲರ ಪಕ್ಕ ನಿಂತು ಎಣಿಸಬೇಕಿತ್ತು, ನಾನು ಕ್ಯಾಬಿನ್‌ನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಡೀಸೆಲ್ ಮಾತು ಬೇರೆ. ಹೊಸಬರ ಕಾಲು ಸುಮ್ನೆ ಇರುವುದಿಲ್ಲ. ಆಕ್ಸಿಲರೇಟರ್ ಒತ್ತುವುದು, ತಕ್ಷಣ ಬ್ರೇಕ್ ತುಳಿಯುವುದು. ‘ದೂರ ನೋಡಿ ಓಡಿಸು, ಬ್ರೇಕ್ ತುಳಿದಷ್ಟೂ ನಿನ್ನ ಸಂಬಳ ತುಳದಂಗ’ ಅಂತ ಉಸ್ತಾದ್ ಎಷ್ಟು ಸಲ ಬೈದಿದ್ದರೋ. ಮೂರು ತಿಂಗಳಲ್ಲಿ ಆವರೇಜ್ ಸರಿಹೋಯಿತು, ಆ ಕಡಿತ ನಿಂತಿತು.

ದಾರಿ ಖರ್ಚು ಮಾಲೀಕರದು ಅಂತಾರೆ. ಚೀಟಿ ಇರುವ ಖರ್ಚು ಅವರದು, ಚೀಟಿ ಇಲ್ಲದ್ದು ನಮ್ಮದು. ಯಾವ ಖರ್ಚಿಗೆ ಚೀಟಿ ಸಿಗುವುದಿಲ್ಲ ಅನ್ನುವುದು ರಸ್ತೆಯಲ್ಲಿ ತಾನಾಗೇ ಗೊತ್ತಾಗುತ್ತದೆ. ಇನ್ನು ಓವರ್‌ಲೋಡ್. 2019ರಲ್ಲಿ ಕಾನೂನು ಬದಲಾದ ಮೇಲೆ ದಂಡ 20,000, ಹೆಚ್ಚಿದ ಪ್ರತಿ ಟನ್ನಿಗೆ ಇನ್ನೂ 2,000. ದಂಡ ಯಾರು ಕಟ್ಟಬೇಕು ಅಂತ ಗಾಡಿ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಹಿಡಿದ ಮೇಲೆ ಮಾಲೀಕರ ಫೋನ್ ಹತ್ತುವುದಿಲ್ಲ.

ನಡುವೆ ಆರು ತಿಂಗಳು ಸಂಡೂರು ಕಡೆ ಅದಿರಿನ ಟಿಪ್ಪರ್ ಓಡಿಸಿದೆ. ಗಣಿಯಿಂದ ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿಗೆ. ಹತ್ತಿರದ ದಾರಿ, ಟ್ರಿಪ್ ಲೆಕ್ಕದಲ್ಲಿ ದುಡ್ಡು, ರಾತ್ರಿ ರೂಮಿಗೆ ಬಂದು ಮಲಗಬಹುದು. ಒಳ್ಳೆ ತಿಂಗಳಲ್ಲಿ ಅಕ್ಕಿ ಗಾಡಿಗಿಂತ ಜಾಸ್ತಿಯೇ ಬಂತು. ಆದರೆ ಲೋಡಿಂಗ್ ಸಾಲಿನಲ್ಲಿ ಅರ್ಧ ದಿನ ನಿಂತರೆ ಅವತ್ತಿನ ದುಡಿಮೆ ಮುಗಿದ ಹಾಗೆ. ಕೆಂಪು ಧೂಳು ಕಿವಿಯೊಳಗೆಲ್ಲ. ಅಲ್ಲಿನ ಹಳಬರು 2011ರ ಮಾತು ಇನ್ನೂ ಬಿಟ್ಟಿಲ್ಲ. ಆ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಸಾಲ ಮಾಡಿ ತಂದ ಲಾರಿಗಳು ನಿಂತಲ್ಲೇ ನಿಂತವಂತೆ. ‘ಮಾಲೀಕನ ಗಾಡಿ ನಿಂತರ ಮೊದಲು ನಿಲ್ಲೋದು ನಮ್ಮ ಬತ್ತಾ’ ಅನ್ನುತ್ತಿದ್ದರು ಒಬ್ಬ ಕಾಕಾ.

ಅಕ್ಕಿಯ ಕಡೆಯೂ ಹಾಗೇ. ನಮ್ಮ ಟ್ರಿಪ್ಪು ತುಂಗಭದ್ರಾ ಡ್ಯಾಮಿನ ನೀರಿನ ಮೇಲೆ ನಿಂತಿದೆ. ಎರಡನೇ ಬೆಳೆಗೆ ನೀರು ಬಿಡದಿದ್ದರೆ ಮಿಲ್ಲಿಗೆ ಭತ್ತ ಕಡಿಮೆ, ನಮಗೆ ಲೋಡ್ ಕಡಿಮೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ರಾತ್ರಿ ಕೊಚ್ಚಿಹೋಯಿತಲ್ಲ, ಮರುದಿನ ಬೆಳಿಗ್ಗೆ ಡಾಬಾದಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದ ಮೇಲೆ ಉಸಿರು ಬಂತು.

ಈಗ ನಾನಿರುವ ಕಡೆ ಹೊಸ ಹುಡುಗನಿಗೆ ಸಂಬಳ 13,000, ಟ್ರಿಪ್ಪಿಗೆ 1,000 ಬತ್ತಾ. ಆರು ಟ್ರಿಪ್ ಅಂತ ಹಿಡಿಯಿರಿ, ಎಂಟು ಅಂತ ಯಾರು ಹೇಳಿದರೂ. ಊಟದ ಖರ್ಚು, ಒಂದೆರಡು ಕಡಿತ ಕಳೆದರೆ ಮನೆಗೆ 12ರಿಂದ 14 ಸಾವಿರ. ಮೊದಲ ವರ್ಷ ಇಷ್ಟೇ. ಆಮೇಲೆ ಏರುತ್ತದೆ, ಗಾಡಿಗೆ ಏಟು ಬೀಳದಿದ್ದರೆ.

ಹೋದ ತಿಂಗಳು ಒಬ್ಬ ಹುಡುಗ ನಮ್ಮಲ್ಲಿ ಸೇರಿದ. ಸಂಬಳ ಕೇಳುವ ಮೊದಲೇ ಅವನು ಕೇಳಿದ್ದು, ‘ಸಾವ್ಕಾರ್ರ, ಗಾಡಿ ನಿಂತ ದಿನ ಬತ್ತಾ ಎಷ್ಟು ಕೊಡ್ತೀರಿ?’ ಮಾಲೀಕರು ಅವನಿಗೆ ಉತ್ತರ ಕೊಡಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ನಾನು ಟೈರಿನ ಗಾಳಿ ನೋಡುತ್ತಾ ನಿಂತೆ. ಕೊನೆಗೆ ದಿನಕ್ಕೆ 200 ಅಂತ ಒಪ್ಪಿದರು, ನನಗೂ ಸೇರಿ.